ಇಪ್ಪತ್ತರ ತನಕ

ನಡುರಾತ್ರಿ ಮೂರಕ್ಕ ಎದ್ದೆ, ಬಚ್ಚಲಕ ಹೋಗಾಕ.
ಗ್ವಾಡಿ ಸರೀತು.
ಕರೆಂಟ್ ಹೋಗಿತ್ತು (ಹೌದು, ಶಕ್ತಿನಗರದಾಗೂ ಹೋಗತದ),
ಗಾಳಿ ಇರಲಿಲ್ಲ, ಕ್ಯಾಲೆಂಡರ್ ಅಲುಗಲಿಲ್ಲ,
ಆದ್ರೂ ಮನಿಗೆ ಮನಿನ
ಕುಡದವನ ಹೆಗಲಮ್ಯಾಲಿನ ವಲ್ಲಿ ಹಂಗ
ಒಂದ ಮಗ್ಗಲಕ ಜಾರಿತು.

ಹಿಡಿಯಾಕ ಸಿಕ್ಕಿದ್ದು ನೀರಿನ ಕೊಡ.
ಕೊಡಾನೂ ಬಂತು, ನಾನೂ ಬಂದೆ.

ಸದ್ದಿಗೆ ಎದ್ದ ದ್ಯಾವಮ್ಮ ಮೊದಲು ಕೊಡ ನೋಡಿದಳು
(ತಪ್ಪಿಲ್ಲ, ಅದು ಅವರಪ್ಪ ಕೊಟ್ಟ ತಾಮ್ರದ್ದು),
ಆಮ್ಯಾಲೆ ನನ್ನ.

ಬಿ.ಪಿ. ಏರಿರಬೇಕು, ಅಂದ್ರು ಬಾಜೂಮನಿಯವರು.
ಏರಿರಬೇಕು, ಅಂದೆ ನಾನೂ.
ಒತ್ತಡದ ಮಾತು ನನಗ್ಯಾರೂ ಕಲಿಸಬ್ಯಾಡ್ರಿ.
ಬಾಯ್ಲರಿನ ಮುಂದ ಇಪ್ಪತ್ತೊಂಬತ್ತು ವರ್ಷ ನಿಂತೀನಿ.
ಗಡಿಯಾರದಂಥ ಆ ಬಿಳಿ ಮಾರಿಯೊಳಗ
ಮುಳ್ಳು ಕೆಂಪು ಗೀಟಿನ ಕಡೆ ಹೊಳ್ಳೂದರೊಳಗ
ಕಿವಿಗೆ ಗೊತ್ತಾಗತಿತ್ತು,
ಉಗಿ ಸಿಟ್ಟಿಗೆದ್ದಾಗ ಅದರ ದನಿ
ಒಂದು ಎಳಿ ಸಣ್ಣಗಾಗತದ,
ನಮ್ಮ ಅತ್ತಿ ದನಿ ಹಂಗ.

ಏರಿದ್ರ ಇಳಿಸು. ಇಷ್ಟ ಅಲ್ಲೇನು ಶಾಸ್ತ್ರ?
ಮುಂಜಾನಿ ಒಂದು ಗುಳಿಗಿ, ಡಾಕ್ಟರ್ ಬರದದ್ದು.
ತಲಿ ತಿರುಗಿದಾಗೊಮ್ಮೆ ಇನ್ನೊಂದು,
ಅದು ಹುಸೇನಪ್ಪ ಬರದದ್ದು.
ನುಂಗಿದಷ್ಟೂ ತಿರುಗಿತು.
ತಿರುಗಿದಷ್ಟೂ ನುಂಗಿದೆ.
ಬಾಗಿ ಚಪ್ಪಲಿ ಹುಡುಕಿದ್ರ ಅಂಗಳ ಮ್ಯಾಲೆ ಬರೂದು,
ದೇವಸೂಗೂರಿನ ಸಂತ್ಯಾಗ ಮೆಣಸಿನಕಾಯಿ ರಾಶಿ
ಕೆಂಪಗ, ಮೆಲ್ಲಕ, ಬುಗುರಿಯಾಗೂದು,
ಸೇತುವಿ ಮ್ಯಾಲೆ ಬಸ್ಸಿನ್ಯಾಗ ಎದ್ದು ನಿಂತ್ರ
ಕೃಷ್ಣಾ ಹರಿಯೂದು ಬಿಟ್ಟು ಸುತ್ತತಿದ್ದಳು.

ಸಿಸ್ಟರ್ ಪರ್ವೀನ್ ಬಂದಳು, ಸ್ಕೂಟಿ ಮ್ಯಾಲೆ,
ಗಾಳಿಗೆ ಬಂದ ಬೂದಿ ಸೀಟಿನಿಂದ ಒರಸಿಕೋತ.
ಮಲಗಸಿ ಪಟ್ಟಿ ಸುತ್ತಿ ನೋಡಿದಳು: ನೂರಾ ಮೂವತ್ತೆಂಟು.
"ನಿಂದರ್ರಿ ಅಜ್ಜಾರ."
ನಿಂತೆ.
ನೂರಾ ನಾಕು.
ಡಬ್ಬಿಯೊಳಗಿನ ಗುಳಿಗಿ ಎಣಿಸಿದಳು, ತಾರೀಖು ಎಣಿಸಿದಳು,
ನನ್ನ ಮಾರಿ ನೋಡಿದಳು.
"ಇದು ಏರಿದ್ದಲ್ರಿ. ಎದ್ದಾಗ ಇಳಿದದ್ದು.
ಇಳಿಸಿದವರು ನೀವ."

ದ್ಯಾವಮ್ಮ ನಗಲಿಲ್ಲ. ಅದ ಜಾಸ್ತಿ ಉರೀತು.

ಇಪ್ಪತ್ತೊಂಬತ್ತು ವರ್ಷದಾಗ
ಯಾವ ಬಾಯ್ಲರೂ ನಡುರಾತ್ರಿ ಬಚ್ಚಲಕ ಎದ್ದಿದ್ದಿಲ್ಲ,
ನನಗ ಹೆಂಗ ಗೊತ್ತಾಗಬೇಕು?
ಗೊತ್ತಿದ್ದದ್ದು ಒಂದ ಇತ್ತು, ಅದನ್ನೂ ಮರತಿದ್ದೆ:
ತಣ್ಣಗಾದ ಕಬ್ಬಿಣಕ್ಕ ಒಮ್ಮಿಗೆ ಕಾವು ಕೊಡಬಾರದು,
ಕೊಳವಿ ಬಿರೀತಾವ.
ಹೊಸ ಹುಡುಗರಿಗೆ ಬೈದು ಬೈದು ಹೇಳಿದ್ದೆ,
ಮೆಲ್ಲಕಲೇ, ಮೆಲ್ಲಕ, ಇದೇನು ಚಾದ ಒಲಿಯಲ್ಲ.
ಕಬ್ಬಿಣಕ್ಕ ಕೊಟ್ಟ ಸಬೂರಿ
ಮೊಣಕಾಲಿಗೆ ಕೊಡಲಿಲ್ಲ.

ಈಗ ದೊಡ್ಡ ಡಾಕ್ಟರು ಗುಳಿಗಿ ಬದಲಿಸ್ಯಾರ.
ಉಪ್ಪಿನಕಾಯಿ ಭರಣಿ ಅಟ್ಟ ಏರ್ಯಾದ,
ಏಣಿ ಹತ್ತೂದು ನನಗ ಬಂದ್;
ಇದು ದ್ಯಾವಮ್ಮನ ರಾಜಕಾರಣ.
ರಾತ್ರಿ ಎಚ್ಚರಾದ್ರ ಹೊರಸಿನ ಅಂಚಿಗೆ ಕುಂತು, ಕಾಲು ಇಳಿಬಿಟ್ಟು,
ಇಪ್ಪತ್ತರ ತನಕ ಎಣಸಬೇಕು.

ಎಣಸೂದು ನಾನೊಬ್ಬನ ಅಲ್ಲ.
ಕತ್ತಲ್ಯಾಗ ಆ ಮಗ್ಗಲಿನಿಂದ ಅಕಿನೂ ಸುರು ಮಾಡತಾಳ,
ಮಖ್ತಲದ ತವರಿನ ಲೆಕ್ಕ.
ನಲವತ್ತಾರು ವರ್ಷ ನನ್ನ ಕೂಡ ಕನ್ನಡದಾಗ ಜಗಳಾಡಿದಾಕಿ
ಎಣಸೂದು ಮಾತ್ರ ಇನ್ನೂ ತೆಲುಗಿನ್ಯಾಗ:
ಒಕಟಿ, ರೆಂಡು, ಮೂಡು,
ಜ್ವಾಳ ಅಳದಂಗ ಗಡಾ ಗಡಾ.
ನಾನು ಆರಕ್ಕಿದ್ರ ಅಕಿ ತೊಮ್ಮಿದಿ.

ನಿನ್ನಿ ರಾತ್ರಿ ಪನ್ನೆಂಡಕ್ಕ ನಿಂತಳು.
ನನ್ನ ಲೆಕ್ಕ ಇಪ್ಪತ್ತು ಮುಗೀತು.
ಏಳಲಿಲ್ಲ ನಾನು.
ಉಗಿಯ ಎಳಿ ಹಿಡೀತಿದ್ದ ಕಿವಿ
ಅಕಿ ಉಸಿರಿನ ಕಡೆ ಹೊಳ್ಳಿಸಿ ಕುಂತೆ.
ಕಾಲಿನ ಹತ್ರ ತಗ್ಗು ಬಿದ್ದ ತಾಮ್ರದ ಕೊಡ
ಒಂಚೂರು ವಾಲಿ ಕುಂತಿತ್ತು.

"ಪದಮೂಡು," ಅಂದಳು.